ಮೆದುಳು ನೋಡುವ ಅಧಿಕಾರ ಯಾರಿಗೆ?

ಅಕ್ಕನ ಮೊಮ್ಮಗಳು ಎಂ.ಡಿ. ಪೆಥಾಲಜಿ ಮುಗಿಸಿ, ಇನ್ನು ಮೆದುಳಿನ ಪೆಥಾಲಜಿಯನ್ನೇ ಕಲಿಯುತ್ತೇನೆಂದು ಹಟ ಹಿಡಿದ ಮೇಲೆ ಠಾಣೆಯ ಕೋಪರಿಯ ನಮ್ಮ ಮನೆಯಲ್ಲಿ ವೇದಾಂತ ಶುರುವಾಗಿದೆ. ಅವಳ ಅಮ್ಮನ ತಕರಾರು ಲೌಕಿಕದ್ದು. "ರೋಗಿಯ ಮುಖ ನೋಡದ ಡಾಕ್ಟರು ಎಂಥ ಡಾಕ್ಟರು ಮಾಮ? ಬೋರ್ಡು ಹಾಕಿ ಕೂರಲಿಕ್ಕಾದರೂ ಆಗ್ತದಾ?" ನಮ್ಮ ಕಟ್ಟಡದ ಮೂರನೇ ಮಾಳಿಗೆಯ ರಾಯರ ತಕರಾರು ಅದಕ್ಕಿಂತ ಆಳದ್ದು. ಅವರು ಧಾರವಾಡ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಶನಿವಾರ ಸಂಜೆ ಅವರ ಮನೆಯಲ್ಲಿ ನಾಲ್ಕಾರು ಮಂದಿ ಕೂತು ಬ್ರಹ್ಮಸೂತ್ರ ಓದುತ್ತೇವೆ. ಸುದ್ದಿ ಕೇಳಿ ಅವರೆಂದರು: "ಅಲ್ರೀ ಪೂಜಾರಿಯವರ, ಹೆಣಾ ಕೊಯ್ಯೂ ಕೆಲಸಕ್ಕ ಇಷ್ಟ್ಯಾಕ ಪರೀಕ್ಷಾ?"

ಪರೀಕ್ಷೆಗಳಂತೂ ಇವೆ. ಮೊದಲು ಎಂಬಿಬಿಎಸ್, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ನೀಟ್-ಪಿಜಿ ಬರೆದು ಪೆಥಾಲಜಿಯಲ್ಲಿ ಮೂರು ವರ್ಷದ ಎಂ.ಡಿ. ಅದಾದ ಮೇಲೆ ಮತ್ತೊಂದು ಪ್ರವೇಶ ಪರೀಕ್ಷೆ ದಾಟಿದರೆ ಮಾತ್ರ ನ್ಯೂರೋಪೆಥಾಲಜಿಯ ಬಾಗಿಲು. ನಮ್ಮ ದೇಶದಲ್ಲಿ ಆ ವಿದ್ಯೆಯ ದೊಡ್ಡ ಮನೆ ಬೆಂಗಳೂರಿನ ನಿಮ್ಹಾನ್ಸ್. ಹುಡುಗಿಯ ಕಣ್ಣು ಅಲ್ಲೇ ನೆಟ್ಟಿದೆ. ಇಂಗ್ಲೆಂಡಿನಲ್ಲಾದರೂ ಹಾದಿ ಹೆಚ್ಚು ಬೇರೆಯಲ್ಲ. ಡಾಕ್ಟರಾದ ಮೇಲೆ ಎರಡು ವರ್ಷ ವಾರ್ಡುಗಳಲ್ಲಿ ಅಡಿಪಾಯದ ಕೆಲಸ, ಮತ್ತೆರಡು ವರ್ಷ ಸಾಮಾನ್ಯ ಹಿಸ್ಟೋಪೆಥಾಲಜಿ, ಆಮೇಲೆ ಮೆದುಳು. ಎರಡೂ ಕಡೆ ಒಂದೇ ನಿಯಮ: ನೇರವಾಗಿ ಮೆದುಳಿಗೆ ಬರುವಂತಿಲ್ಲ.

ರಾಯರ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೇ ಎಂದು ಅನಿಸಿತು. ಕಾಪು ಕಡೆಯಿಂದ ಬಂದು, ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತ, ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿಕೊಂಡವನು ನಾನು. ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಅಟೆಂಡರಾಗಿ ಸೇರಿ, ಟೆಕ್ನಿಶಿಯನ್ ಆಗಿ ನಿವೃತ್ತನಾದೆ. ಬೆಳಗಿನ ಲೋಕಲ್ ಹಿಡಿದು ಠಾಣೆಯಿಂದ ಹೋಗುತ್ತಿದ್ದ ಅಷ್ಟೂ ವರ್ಷ ನನ್ನ ಕೈಯಲ್ಲಿ ಹಾದುಹೋದ ಮೆದುಳುಗಳಿಗೆ ಲೆಕ್ಕವಿಲ್ಲ. ಯಾವ ಪ್ರವೇಶ ಪರೀಕ್ಷೆಯೂ ನನ್ನನ್ನು ತಡೆದದ್ದಿಲ್ಲ. ಹೀಗಾಗಿ ಅಧಿಕಾರದ ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆಯಲ್ಲ.

ಆ ಕೆಲಸ ಎಂಥದೆಂದು ಮೊದಲು ಹೇಳಿಬಿಡುತ್ತೇನೆ. ತಲೆಬುರುಡೆಯಿಂದ ಆಗತಾನೆ ತೆಗೆದ ಮೆದುಳು ಗಟ್ಟಿಯಿರುವುದಿಲ್ಲ. ಮೇಜಿನ ಮೇಲಿಟ್ಟರೆ ತನ್ನ ಭಾರಕ್ಕೇ ತಾನು ಕುಸಿಯುತ್ತದೆ. ಬೆಳೆದವರದ್ದು ಸಾಧಾರಣ 1,300ರಿಂದ 1,400 ಗ್ರಾಂ ತೂಗುತ್ತದೆ. ಅದನ್ನು ಫಾರ್ಮಲಿನ್ ತುಂಬಿದ ಬಕೆಟಿನಲ್ಲಿ ಹಾಕಿಡಬೇಕು, ಆದರೆ ತಳಕ್ಕೆ ತಾಗಬಾರದು. ತಾಗಿದರೆ ಆ ಮಗ್ಗುಲು ಚಪ್ಪಟೆಯಾಗಿ ಉಳಿದುಬಿಡುತ್ತದೆ. ಅದಕ್ಕೇ ಮೆದುಳಿನ ಬುಡದಲ್ಲಿ ಓಡುವ ಬೇಸಿಲಾರ್ ರಕ್ತನಾಳದ ಅಡಿಗೆ ಒಂದು ದಾರ ತೂರಿಸಿ, ದಾರದ ಎರಡು ತುದಿಯನ್ನೂ ಬಕೆಟಿನ ಹಿಡಿಗೆ ಕಟ್ಟಿ, ತಲೆಕೆಳಗಾಗಿ ತೇಲಿಬಿಡುತ್ತೇವೆ. ದಾರ ತೂರಿಸುವಾಗ ನಾಳ ಹರಿಯಬಾರದು. ಎರಡು ಮೂರು ವಾರದಲ್ಲಿ ಮೆದುಳು ಗಟ್ಟಿಯಾಗುತ್ತದೆ. ಆಮೇಲೆ ನಳದ ನೀರಲ್ಲಿ ತೊಳೆದು, ಫಾರ್ಮಲಿನ್ನಿನ ಘಾಟು ಸ್ವಲ್ಪ ಇಳಿದ ಮೇಲೆ, ಉದ್ದನೆಯ ಚೂರಿಯಿಂದ ಸೆಂಟಿಮೀಟರ್ ದಪ್ಪದ ಹೋಳುಗಳಾಗಿ ಕೊಯ್ದು ಮರದ ಹಲಗೆಯ ಮೇಲೆ ಸಾಲಾಗಿ ಜೋಡಿಸುತ್ತೇವೆ. ಬೇಕಾದ ಜಾಗದ ತುಣುಕು ಪ್ಯಾರಾಫಿನ್ ಮೇಣದಲ್ಲಿ ಕೂರುತ್ತದೆ. ಮೈಕ್ರೋಟೋಮಿನಲ್ಲಿ ನಾಲ್ಕೈದು ಮೈಕ್ರಾನಿನ ಪದರ ಬಿಡಿಸಿ, ಬಣ್ಣ ಹಾಕಿ, ಗಾಜಿನ ಸ್ಲೈಡಾಗಿ ಡಾಕ್ಟರ ಮುಂದಿಟ್ಟರೆ ನನ್ನ ಕೆಲಸ ಮುಗಿಯಿತು.

ಸುಶ್ರುತ ಸಂಹಿತೆಯಲ್ಲಿ ದೇಹವನ್ನು ಪಂಜರದೊಳಗಿಟ್ಟು, ಹುಲ್ಲು ಸುತ್ತಿ, ಹರಿವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಬೇರಿನ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡುವ ಕ್ರಮ ಹೇಳಿದೆ. ರಾಯರು ಇದನ್ನು ಬಹಳ ಅಭಿಮಾನದಿಂದ ಹೇಳುತ್ತಾರೆ. ಅಭಿಮಾನ ಸರಿಯೇ. ಆದರೆ ಆ ಕ್ರಮದಲ್ಲಿ ಮೆದುಳು ಉಳಿಯುವುದಿಲ್ಲ. ದೇಹದಲ್ಲಿ ಬಹಳ ಬೇಗ ಕರಗಿಹೋಗುವ ಅಂಗಗಳಲ್ಲಿ ಅದೂ ಒಂದು. ಫಾರ್ಮಲಿನ್ ಅಂಗಾಂಶವನ್ನು ಗಟ್ಟಿ ಮಾಡುತ್ತದೆಂಬುದನ್ನು ಜರ್ಮನಿಯ ಫರ್ಡಿನೆಂಡ್ ಬ್ಲೂಮ್ ಕಂಡುಕೊಂಡದ್ದು 1893ರಲ್ಲಿ. ಮೆದುಳನ್ನು ನೋಡುವ ಅಧಿಕಾರಿ ಯಾರೆಂಬ ಪ್ರಶ್ನೆ ಹಳೆಯದು, ಚೆನ್ನಾಗಿ ನೋಡಲು ಸಾಧ್ಯವಾದದ್ದು ಮಾತ್ರ ಮೊನ್ನೆ ಮೊನ್ನೆ.

ಶನಿವಾರದ ಓದಿನಲ್ಲಿ ನಾವು ಮೊದಲ ಸೂತ್ರದಲ್ಲೇ ತಿಂಗಳುಗಟ್ಟಲೆ ಸಿಕ್ಕಿಬಿದ್ದದ್ದು ಇದೇ ಅಧಿಕಾರದ ಪ್ರಶ್ನೆಯಲ್ಲಿ. ಬ್ರಹ್ಮವಿಚಾರ ಶುರು ಮಾಡುವ ಮೊದಲು ಮನುಷ್ಯ ಏನನ್ನು ಮುಗಿಸಿರಬೇಕು? ಶಂಕರರ ಪ್ರಕಾರ ಕರ್ಮಕಾಂಡದ ಅಧ್ಯಯನ ಆಗಿರಲೇಬೇಕೆಂದಿಲ್ಲ. ವಿವೇಕ, ವೈರಾಗ್ಯ, ಶಮ ದಮ ಮೊದಲಾದ ಆರು, ಮುಮುಕ್ಷುತ್ವ, ಈ ನಾಲ್ಕು ಸಾಧನ ಇದ್ದರಾಯಿತು. ರಾಮಾನುಜರು ಒಪ್ಪುವುದಿಲ್ಲ. ಕರ್ಮದ ವಿಚಾರ ಮೊದಲು, ಬ್ರಹ್ಮದ ವಿಚಾರ ಆಮೇಲೆ, ಎರಡೂ ಸೇರಿ ಒಂದೇ ಶಾಸ್ತ್ರ ಎನ್ನುತ್ತಾರೆ. ನಮ್ಮ ಉಡುಪಿಯ ಮಧ್ವಾಚಾರ್ಯರಂತೂ ಅಧಿಕಾರಿಗಳಲ್ಲೇ ಮಂದ, ಮಧ್ಯಮ, ಉತ್ತಮ ಎಂದು ಮೂರು ದರ್ಜೆ ಮಾಡಿದ್ದಾರೆ. ಮುಂಬಯಿ ಲೋಕಲಿನಲ್ಲೂ ಎರಡೇ ಇರುವುದು.

ಹುಡುಗಿಗೆ ಇದನ್ನು ವಿವರಿಸಿದಾಗ ಅವಳು ನಕ್ಕಳು. "ಅಜ್ಜ, ಎಂಟ್ರೆನ್ಸಿನ ಸಿಲೆಬಸ್ ಮಾಡಿದವರು ರಾಮಾನುಜರ ಪಕ್ಷದವರು."

ಅದು ನಿಜ, ಅವಳು ತಮಾಷೆಗೆ ಹೇಳಿದ್ದರೂ. ನಾನೂ ಈ ಒಂದು ವಿಷಯದಲ್ಲಿ ರಾಮಾನುಜರ ಪಕ್ಷ. ಕಾರಣ ಶಾಸ್ತ್ರದ್ದಲ್ಲ, ಕೆಲಸದ್ದು. ಎಂ.ಡಿ.ಗೆ ಬಂದ ಹುಡುಗರು ಮೂರು ವರ್ಷ ಮಾಡುವುದೇನು? ಅಪೆಂಡಿಕ್ಸ್, ಪಿತ್ತಕೋಶ, ಥೈರಾಯ್ಡ್, ಸ್ತನದ ಗಡ್ಡೆ, ಗರ್ಭಕೋಶ. ದಿನಕ್ಕೆ ಟ್ರೇಗಟ್ಟಲೆ. ಬೇಜಾರಿನ ಕೆಲಸ. ಆದರೆ ಆ ಬೇಜಾರಿನಲ್ಲೇ ಕಣ್ಣಿಗೆ ಒಂದು ಪಾಠ ಆಗುತ್ತದೆ: ಸಾಮಾನ್ಯ ಯಾವುದು, ಕೊಯ್ಯುವವರ ಕೈಯಿಂದಾದ ಗಾಯ ಯಾವುದು, ರೋಗ ಯಾವುದು. ಮೆದುಳಿನಲ್ಲಿ ಈ ಮೂರೂ ಬಹಳ ಹತ್ತಿರ ಹತ್ತಿರ ಇರುತ್ತವೆ. ಗಟ್ಟಿಯಾಗುವ ಮೊದಲೇ ಮೆದುಳನ್ನು ಹಿಂಡಿದರೆ, ಒತ್ತಿದರೆ, ನರಕೋಶಗಳು ಕುಗ್ಗಿ ಕಪ್ಪಾಗಿ ಕಾಣುತ್ತವೆ. ಇಂಗ್ಲಿಷಿನವರೂ ಅದಕ್ಕೆ ಕಪ್ಪು ನ್ಯೂರಾನ್ ಎಂದೇ ಹೇಳುವುದು. ಹೊಸಬರು ಅದನ್ನು ನೋಡಿ ಪ್ರಾಣವಾಯು ಸಿಗದೆ ಸತ್ತ ಕೋಶ ಎಂದು ಬರೆದುಬಿಡುತ್ತಾರೆ. ನಿಜಕ್ಕೂ ಹಾಗೆ ಸತ್ತ ಕೋಶ ಕೆಂಪಾಗಿ ಕಾಣಬೇಕು. ಬುರುಡೆಯಿಂದ ತೆಗೆಯುವಾಗ ಯಾರದೋ ಹೆಬ್ಬೆರಳು ಒತ್ತಿದ್ದು ವರದಿಯಲ್ಲಿ ಸಾವಿನ ಕಾರಣವಾಗಿ ಕೂರುತ್ತದೆ!

ನಮ್ಮ ವಿಭಾಗದ ಮೇಡಂ ಅವರದ್ದೇ ಒಂದು ಪ್ರವೇಶ ಪರೀಕ್ಷೆ ಇತ್ತು. ನ್ಯೂರೋಪೆಥಾಲಜಿ ಕಲಿಯುತ್ತೇನೆಂದು ಬಂದವರ ಮುಂದೆ ಒಂದು ಸ್ಲೈಡ್ ಇಡುತ್ತಿದ್ದರು. ಜೊತೆಗೆ ರೋಗಿಯ ಚರಿತ್ರೆ ಇಲ್ಲ, ವಯಸ್ಸಿಲ್ಲ. ಅದು ಹೃದಯಾಘಾತದಲ್ಲಿ ತೀರಿಹೋದ ಮುದುಕನೊಬ್ಬನ ಮೆದುಳಿನ ಹೊರಪದರ. ಅದರಲ್ಲಿ ರೋಗವೇನೂ ಇರಲಿಲ್ಲ. ವಯಸ್ಸಾದವರ ಮೆದುಳಿನಲ್ಲಿ ಸಹಜವಾಗಿ ಕಾಣುವ ಗುಂಡು ಗುಂಡನೆಯ ಚುಕ್ಕಿಗಳು, ನಾಲ್ಕು ಕಪ್ಪು ನ್ಯೂರಾನ್, ಅಷ್ಟೇ. ಬಂಗಾರದ ಪದಕ ತೆಗೆದುಕೊಂಡವರೂ ಅದರಲ್ಲಿ ಅರ್ಧ ಪುಟದ ರೋಗ ಕಂಡಿದ್ದಾರೆ. ಒಬ್ಬಳು ಮಾತ್ರ ತಾಸು ಹೊತ್ತು ನೋಡಿ, "ಇದರಲ್ಲಿ ನನಗೆ ಏನೂ ಕಾಣುವುದಿಲ್ಲ, ರೋಗಿಗೆ ಏನಾಗಿತ್ತು ಎಂದು ಹೇಳಿದರೆ ಮತ್ತೊಮ್ಮೆ ನೋಡುತ್ತೇನೆ" ಎಂದಳು. ಮೇಡಂ ಅವಳನ್ನು ಇಟ್ಟುಕೊಂಡರು. ಅಂಕದಲ್ಲಿ ಅವಳು ಹಿಂದಿದ್ದಳೆಂದು ಆಮೇಲೆ ಆಫೀಸಿನಲ್ಲಿ ಗೊಣಗಾಟ ಆಯಿತು.

ವಿವೇಕ ಎಂದು ಶಂಕರರು ಮೊದಲಿಗೆ ಇಟ್ಟಿದ್ದಾರಲ್ಲ, ಅದು ನಿತ್ಯ ಮತ್ತು ಅನಿತ್ಯಗಳನ್ನು ಬೇರ್ಪಡಿಸಿ ನೋಡುವ ಶಕ್ತಿ. ನಮ್ಮ ಕೆಲಸದಲ್ಲಿ ಬೇರ್ಪಡಿಸಬೇಕಾದ್ದು ಇಷ್ಟು ದೊಡ್ಡದಲ್ಲ, ಆದರೆ ತಪ್ಪಿದರೆ ಬದುಕಿರುವವರಿಗೆ ಪೆಟ್ಟು. ಮೆದುಳಿಗೆ ಎಲ್ಲಿ ಏಟಾದರೂ ಅಲ್ಲಿನ ಗ್ಲಿಯಾ ಕೋಶಗಳು ಉಬ್ಬಿ ಹೆಚ್ಚಾಗುತ್ತವೆ. ಇದು ಮೆದುಳಿನ ಮಾಮೂಲು ಪ್ರತಿಕ್ರಿಯೆ. ಅದೇ ಕೋಶಗಳಿಂದ ಹುಟ್ಟುವ ನಿಧಾನದ ಗಡ್ಡೆಯೂ ಹತ್ತಿರ ಹತ್ತಿರ ಹಾಗೇ ಕಾಣುತ್ತದೆ. ಇನ್ನೊಂದು ಇದಕ್ಕಿಂತ ಕಠಿಣ. ನರಗಳ ಮೇಲಿನ ಮೈಲಿನ್ ಪೊರೆ ಕಳಚುವ ರೋಗ ಕೆಲವೊಮ್ಮೆ ಸ್ಕ್ಯಾನಿನಲ್ಲಿ ಗಡ್ಡೆಯ ವೇಷ ಹಾಕಿಕೊಂಡು ಬರುತ್ತದೆ. ಆಪರೇಷನ್ ನಡೆದಿರುವಾಗಲೇ ಒಂದು ಚೂರು ಕಳಿಸುತ್ತಾರೆ, ಎರಡು ಗಾಜಿನ ನಡುವೆ ಒತ್ತಿ ಬಣ್ಣ ಹಾಕಿ ಕೂಡಲೇ ಹೇಳಬೇಕು. ಪೊರೆ ತಿನ್ನುವ ಮ್ಯಾಕ್ರೋಫೇಜ್ ಕೋಶಗಳು ಅಲ್ಲಿರುವುದನ್ನು ಗಮನಿಸದೆ ಗಡ್ಡೆ ಎಂದರೆ, ಔಷಧಕ್ಕೆ ಬಗ್ಗಬಹುದಾದ ರೋಗಕ್ಕೆ ವಿಕಿರಣದ ಚಿಕಿತ್ಸೆ ಶುರುವಾಗುತ್ತದೆ. ರಾಯರ "ಹೆಣಾ ಕೊಯ್ಯೂ ಕೆಲಸ"ದಲ್ಲಿ ಹೆಚ್ಚಿನ ಪಾಲು ಇಂಥದು. ಉಸಿರಾಡುತ್ತ ಆಪರೇಷನ್ ಮೇಜಿನ ಮೇಲೆ ಮಲಗಿರುವವರದ್ದು.

ಇದನ್ನು ಕೇಳಿ ರಾಯರು ಮೆತ್ತಗಾದರು. ಧರ್ಮವ್ಯಾಧನ ಕಥೆ ತೆಗೆದರು. ಮಹಾಭಾರತದ ವನಪರ್ವದಲ್ಲಿ ಬರುವ ಮಿಥಿಲೆಯ ಮಾಂಸ ಮಾರುವವನು, ಕೌಶಿಕನೆಂಬ ಬ್ರಾಹ್ಮಣನಿಗೆ ಧರ್ಮ ಹೇಳಿಕೊಟ್ಟವನು. "ನೋಡ್ರಿ, ಕತ್ತಿ ಹಿಡದಾಂವಗೂ ಅಧಿಕಾರ ಐತಿ."

ಐತಿ, ನಿಜ. ಆದರೆ ಅದೇ ಬ್ರಹ್ಮಸೂತ್ರದ ಮೊದಲ ಅಧ್ಯಾಯದ ಮೂರನೇ ಪಾದದಲ್ಲಿ ಶೂದ್ರನಿಗೆ ವೇದದ ಮೂಲಕ ವಿದ್ಯೆಯ ಅಧಿಕಾರವಿಲ್ಲವೆಂದು ಇತ್ಯರ್ಥ ಮಾಡಿದ ಭಾಗವೂ ಇದೆ. ಧರ್ಮವ್ಯಾಧ, ವಿದುರ ಇವರಿಗೆ ಜ್ಞಾನ ಬಂತಲ್ಲ ಎಂದರೆ ಭಾಷ್ಯದ ಉತ್ತರ: ಅದು ಹಿಂದಿನ ಜನ್ಮದ ಸಂಸ್ಕಾರ. ಪಾಸಾದ ಮೇಲೆ ಹಿಂದಿನ ಜನ್ಮದ ಅಂಕಪಟ್ಟಿ ತಂದು ತೋರಿಸುವ ವ್ಯವಸ್ಥೆ ಇದು. ನಾನು ಬಿಲ್ಲವ. ಅಜ್ಜ ತಾಳೆಮರ ಹತ್ತುತ್ತಿದ್ದವರು. ದೇವಸ್ಥಾನದ ಒಳಗೆ ನಮಗೆ ಜಾಗವಿಲ್ಲದ ಕಾಲದಲ್ಲಿ ನಾರಾಯಣ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿ ಕೊಟ್ಟರು. ಆ ಭಾಗ ಓದಿದ ಶನಿವಾರ ರಾಯರು ಪುಟ ಬೇಗ ಬೇಗ ಮಗುಚಿದರು. ನಾನು ನಿಧಾನ ಮಾಡಿ ಎಂದೆ. ಪೂರ್ತಿ ಓದಿದೆವು, ಚಹಾ ಕುಡಿದೆವು.

ಹೀಗಾಗಿ ನೀಟ್ ಪರೀಕ್ಷೆಯನ್ನು ಯಾರಾದರೂ ಬೈದರೆ ನಾನು ಪೂರ್ತಿ ದನಿಗೂಡಿಸುವುದಿಲ್ಲ. ಉತ್ತರ ತಿದ್ದುವ ಕಂಪ್ಯೂಟರಿಗೆ ಅಜ್ಜನ ಕಸುಬು ಗೊತ್ತಾಗುವುದಿಲ್ಲ. ಅದು ಸಣ್ಣ ಮಾತಲ್ಲ. 2023ರಲ್ಲಿ ಸೀಟುಗಳು ಖಾಲಿ ಬೀಳುತ್ತವೆಂದು ನೀಟ್-ಪಿಜಿಯ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದಾಗ ಟಿವಿಯಲ್ಲಿ ಕೂಗಾಡಿದರು. ಖಾಲಿ ಬೀಳುವ ಸೀಟುಗಳಲ್ಲಿ ರೋಗಿಯ ಮುಖ ನೋಡದ ವಿಷಯಗಳದ್ದೇ ದೊಡ್ಡ ಪಾಲು. ಬಾಗಿಲು ಅಷ್ಟು ಅಗಲ ತೆರೆದದ್ದು ನನಗೂ ಸರಿಕಾಣಲಿಲ್ಲ. ಆದರೆ ಬಾಗಿಲಲ್ಲಿ ಕೇಳುವ ಇನ್ನೂರು ಪ್ರಶ್ನೆ ಮೇಡಂ ಅವರ ಒಂದು ಸ್ಲೈಡಿನ ಕೆಲಸ ಮಾಡೀತೆಂದು ನಾನು ಯಾವತ್ತೂ ನಂಬಿದವನಲ್ಲ. ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕಿದರಷ್ಟೇ ಅಂಕ ಸಿಗುವ ಪರೀಕ್ಷೆಯಲ್ಲಿ "ಇನ್ನೂ ಹೇಳಲಾರೆ" ಎಂಬ ಐದನೆಯ ಉತ್ತರಕ್ಕೆ ಜಾಗವೇ ಇಲ್ಲ.

ಆ ಮಟ್ಟಿಗೆ ಕಲ್ಯಾಣದ ಪರೀಕ್ಷೆ ಮೇಲು. ನಮ್ಮ ಪಕ್ಕದ ಕಲ್ಯಾಣವಲ್ಲ, ಬೀದರಿನದ್ದು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂಕಲಿಸಿದ ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಶರಣರ ಕೂಟಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಬಾಗಿಲಲ್ಲೇ ಪ್ರಶ್ನೆ ಕೇಳಿ ಕೇಳಿ ದಣಿಸುತ್ತಾನೆ. ಗಂಡ ಯಾರು, ಬಟ್ಟೆ ಬಿಟ್ಟವಳು ಕೂದಲೇಕೆ ಹೊದ್ದೆ ಎಂದೆಲ್ಲ. ಕ್ರೂರವಾಗಿಯೇ ಕಾಣುತ್ತದೆ. ಈಗಿನ ಕಾಲದಲ್ಲಾದರೆ ದೂರು ದಾಖಲಾಗುತ್ತಿತ್ತು, ಆಗಬೇಕಾದ್ದೂ ಹೌದು. ಆದರೆ ಅಲ್ಲಿ ಕುಲ ಕೇಳಿ ಒಳಗೆ ಬಿಟ್ಟದ್ದಲ್ಲ, ಕಂಠಪಾಠ ಕೇಳಿ ಬಿಟ್ಟದ್ದೂ ಅಲ್ಲ. ಎದುರಿಗೆ ನಿಂತವಳು ತಾನು ಕಂಡದ್ದನ್ನು ಕಂಡಷ್ಟೇ ಹೇಳುತ್ತಾಳೋ ಎಂಬುದನ್ನು ನೋಡಿದರು.

ಕಂಡಷ್ಟೇ ಹೇಳುವುದರಲ್ಲಿ ದೊಡ್ಡವರು ಈ ಊರಲ್ಲೂ ಇದ್ದರು. ಮುಂಬಯಿಯಲ್ಲಿ ಮೆದುಳಿನ ಪೆಥಾಲಜಿಯನ್ನು ಕಟ್ಟಿದವರೆಂದರೆ ದಾರಾಬ್ ದಸ್ತೂರ್. ಪಾರ್ಸಿ, ಹೆಸರೇ ಪುರೋಹಿತ ಮನೆತನದ್ದು. ಶವ ಮುಟ್ಟಿದರೆ ಮೈಲಿಗೆಯೆಂದು ಹೆಣವನ್ನು ದೊಖ್ಮಾಗೆ, ಅಂದರೆ ಮೌನಗೋಪುರಕ್ಕೆ, ಒಪ್ಪಿಸುವ ಧರ್ಮದವರು ಸತ್ತ ಮಕ್ಕಳ ಮೆದುಳಿನ ಮುಂದೆ ಆಯುಷ್ಯ ಕಳೆದರು. ಕ್ಷಯ ತಾಗಿದ ಮಕ್ಕಳಲ್ಲಿ ಮೆದುಳಿನ ಪೊರೆಗಿಂತ ಮೆದುಳೇ ಬಾತು ಹಾಳಾಗುವ ಒಂದು ಬಗೆ ಇದೆಯೆಂದು ಮಕ್ಕಳ ಡಾಕ್ಟರ್ ಉದಾನಿಯವರ ಜೊತೆ 1966ರಲ್ಲಿ ಬರೆದರು. ಮರೆವಿನ ರೋಗಕ್ಕೆ ಹೆಸರು ಕೊಟ್ಟ ಆಲ್ಝೈಮರನ ಕಥೆ ಇನ್ನೊಂದು ಥರ. ಆತ ಆಗುಸ್ಟೆ ಡೇಟರ್ ಎಂಬ ಹೆಂಗಸನ್ನು 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಎದುರು ಕೂತು ಮಾತಾಡಿಸಿದ್ದವನು. 1906ರಲ್ಲಿ ಅವಳು ತೀರಿಕೊಂಡ ಮೇಲೆ ಅವಳ ಮೆದುಳನ್ನು ಸೂಕ್ಷ್ಮದರ್ಶಕದಡಿ ನೋಡಿದವನೂ ಅವನೇ. ಮುಖ ನೋಡಿದ್ದವನೇ ಮೆದುಳೂ ನೋಡಿದ. ಈಗಿನ ಪೆಥಾಲಜಿಸ್ಟರಿಗೆ ಆ ಭಾಗ್ಯ ಇಲ್ಲ. ಅವರಿಗೆ ಸಿಗುವುದು ಒಂದು ಸಂಖ್ಯೆ ಮತ್ತು ಅರ್ಧಂಬರ್ಧ ತುಂಬಿದ ಫಾರ್ಮು.

"ಎಲ್ಲಾ ಸರಿ, ಇಷ್ಟೆಲ್ಲಾ ಕೊಯ್ದು ಮನಸ್ಸು ಎಲ್ಲಿ ಕಂಡ್ರಿ?" ಎಂದು ರಾಯರು ಕೇಳಿದರು. ಎಲ್ಲೂ ಕಾಣಲಿಲ್ಲ ಎಂದೆ. ಹಳಿಯ ಆಚೆ, ಠಾಣೆ ಪಶ್ಚಿಮದಲ್ಲಿ, 1901ರಿಂದ ಮಾನಸಿಕ ಆಸ್ಪತ್ರೆ ಇದೆ. ಅಲ್ಲಿ ವರ್ಷಗಟ್ಟಲೆ ಸ್ಕಿಜೋಫ್ರೀನಿಯಾದಲ್ಲಿ ನರಳಿದವರ ಮೆದುಳನ್ನು ಸ್ಲೈಡ್ ಮಾಡಿ ಇಟ್ಟರೂ, ಅದನ್ನಷ್ಟೇ ನೋಡಿ ಈ ರೋಗ ಎಂದು ಹೇಳಲು ಇಂದಿಗೂ ಬರುವುದಿಲ್ಲ. ರಾಯರಿಗೆ ಇದು ಆತ್ಮಕ್ಕೆ ಸಾಕ್ಷಿ. ನನಗೆ ಅಷ್ಟು ದೂರ ಹಾರಲು ಧೈರ್ಯವಿಲ್ಲ. ಅಲ್ಲೂ ಐದನೆಯ ಉತ್ತರವೇ ನನ್ನದು.

ಆದರೆ ಅಧಿಕಾರ ಎಲ್ಲಿಂದ ಬರುತ್ತದೆಂಬುದಕ್ಕೆ ನನ್ನ ಹತ್ತಿರ ಉತ್ತರ ಇದೆ. ನಮ್ಮ ಕಡೆಯ ಒಬ್ಬ ಹುಡುಗ, ಹೋಟೆಲಿನಲ್ಲಿ ಕೆಲಸಕ್ಕಿದ್ದವನು, ಜ್ವರ ತಲೆನೋವು ಎಂದು ಬಂದು ಪ್ರಜ್ಞೆ ತಪ್ಪಿ ತೀರಿಕೊಂಡ. ಊರಿಂದ ಅಪ್ಪ ಬಂದಿದ್ದರು. ಡಾಕ್ಟರರು ಮೆದುಳು ನೋಡಲು ಒಪ್ಪಿಗೆ ಕೇಳುತ್ತಿದ್ದರು. ಅಪ್ಪನಿಗೆ ಹಿಂದಿ ಬಾರದು, ಹಾಗಾಗಿ ನನ್ನನ್ನು ಕರೆಸಿದರು. ಅಪ್ಪ ಕೇಳಿದ್ದು: "ಕಾಷ್ಠಕ್ಕೆ ಇಡುವಾಗ ಮಗ ಪೂರ್ತಿ ಇರ್ತಾನಾ?" ಇಲ್ಲ, ಮೆದುಳು ಮೂರು ವಾರ ಇಲ್ಲೇ ಇರುತ್ತದೆ ಎಂದೆ. ಊರಲ್ಲಿ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದು, ನೆಂಟರು ಉಂಡು ಹೋದ ಮೇಲೂ ಅದು ನಮ್ಮ ಬಕೆಟಿನಲ್ಲಿ ದಾರಕ್ಕೆ ತೂಗಿಕೊಂಡಿರುತ್ತದೆ. ಅವರು ಬಹಳ ಹೊತ್ತು ಕೂತರು. "ಕೊಡ್ತೇನೆ. ಏನಾಗಿತ್ತೂಂತ ನಂಗೆ ಯಾರಾದರೂ ಹೇಳಬೇಕು, ಹಾಗೇ ಬಿಡಬಾರದು" ಎಂದು ಹೆಬ್ಬೆಟ್ಟು ಒತ್ತಿದರು. ಕೊಯ್ದಾಗ ಬುಡದ ತುಂಬ ದಪ್ಪನೆಯ, ಲೋಳೆಯಂಥ ಬೂದುಬಣ್ಣದ ಪದರ. ಕ್ಷಯದ ಮೆನಿಂಜೈಟಿಸ್. ಮೇಡಂ ಇಂಗ್ಲಿಷಿನಲ್ಲಿ ಒಂದು ಪುಟ ಹೇಳಿ ಬರೆಸಿದರು, ನಾನು ಅದನ್ನು ಕನ್ನಡದಲ್ಲಿ ಬರೆದು ಅಂಚೆಗೆ ಹಾಕಿದೆ. ಮನೆಯಲ್ಲಿ ಉಳಿದವರೆಲ್ಲ ಎದೆಯ ಎಕ್ಸ್-ರೇ ಮಾಡಿಸಿ ಎಂದೂ ಅದರಲ್ಲಿತ್ತು.

ಡಿಗ್ರಿ, ಜಾತಿ, ಸಾಧನ ಚತುಷ್ಟಯ, ಯಾವುದರಿಂದಲೂ ಮೆದುಳು ನೋಡುವ ಅಧಿಕಾರ ತಾನಾಗಿ ಬರುವುದಿಲ್ಲ. ಅದನ್ನು ಆ ಅಪ್ಪನಂಥವರು ಕೊಡಬೇಕು. ಪ್ರವೇಶ ಪರೀಕ್ಷೆ ತೀರ್ಮಾನಿಸುವುದು, ಕೊಟ್ಟದ್ದನ್ನು ಯಾರ ಕೈಗಿಡಬಹುದು ಎಂಬುದನ್ನಷ್ಟೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ 1995ರಲ್ಲಿ ಕಟ್ಟಿದ ಮೆದುಳಿನ ಬ್ಯಾಂಕ್ ಬೆಳೆದದ್ದೂ, ರಸ್ತೆ ಅಪಘಾತದಲ್ಲಿ ಮಕ್ಕಳನ್ನು ಕಳೆದುಕೊಂಡವರು ಅಂಥ ಹೊತ್ತಿನಲ್ಲೂ ಒಪ್ಪಿದ್ದರಿಂದ.

ಹುಡುಗಿ ಅರ್ಜಿ ಹಾಕಿದ್ದಾಳೆ, ಅವಳಮ್ಮ ಇನ್ನೂ ಮುಖ ಊದಿಸಿಕೊಂಡಿದ್ದಾಳೆ. ಇದನ್ನು ಓದುವವರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ ಅಂಥ ದಿನ ಬಂದು, ಬಿಳಿ ಕೋಟಿನ ಎಳೆಯರೊಬ್ಬರು ಫಾರ್ಮು ಹಿಡಿದು ನಿಂತರೆ ಅವರ ಮೇಲೆ ಹರಿಹಾಯಬೇಡಿ. ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಆಮೇಲೆ ಏನು ಮಾಡುತ್ತೀರಿ, ಏನು ಸಿಕ್ಕಿತೆಂದು ನಮ್ಮ ಭಾಷೆಯಲ್ಲಿ ಯಾರು ಹೇಳುತ್ತೀರಿ, ಈ ಮೂರನ್ನು ಕೇಳಿ. ಸಮಾಧಾನದ ಉತ್ತರ ಸಿಕ್ಕಿದರೆ ಸಹಿ ಹಾಕಿ.